ನೊಗದ ಮೇಲೆ ಎಷ್ಟು ಭಾರ? ಜಾತ್ರೆಯ ಬಂಡಿಯಿಂದ ಪ್ರವಾಸಿ ಟ್ರೈಲರ್‌ವರೆಗೆ

ಭರತ ಹುಣ್ಣಿಮೆ ಹತ್ತಿರವಾದಂತೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ದಾರಿಯಲ್ಲಿ ಕಮಾನು ಕಟ್ಟಿದ ಎತ್ತಿನ ಬಂಡಿಗಳು ಕಾಣತೊಡಗುತ್ತವೆ. ಕಾರ್ಣಿಕ ಕೇಳಲು ಸುತ್ತಲಿನ ತಾಲ್ಲೂಕುಗಳಿಂದ ಹೊರಡುವ ಕುಟುಂಬಗಳಿಗೆ ಕೆಲವು ದಿನ ಬಂಡಿಯೇ ಮನೆ. ಕೊಟ್ಟೂರಿನ ತೇರಿಗೆ ಬರುವವರದೂ ಇದೇ ರೂಢಿ. (ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬಂಡಿಯ ದಾರಿ ಮಾತ್ರ ಅದೇ ಉಳಿಯಿತು.) ಟ್ರ್ಯಾಕ್ಟರ್ ಬಂದ ಮೇಲೆ ಬಂಡಿಗಳು ಕಡಿಮೆಯಾಗಿವೆ, ಆದರೆ ನಿಂತಿಲ್ಲ.

ಕಮಾನಿನ ಮೇಲೆ ಚಾಪೆ ಅಥವಾ ತಾಡಪಾಲು. ಒಳಗೆ ಕಂಬಳಿ, ಪಾತ್ರೆ, ರೊಟ್ಟಿಯ ಗಂಟು. ಹಿಂದೆ ಎತ್ತುಗಳಿಗೆ ಮೇವು. ಇಷ್ಟನ್ನೂ ಹೇರಿದ ಮೇಲೆ ಅನುಭವಿ ರೈತ ಎತ್ತು ಹೂಡುವ ಮುನ್ನ ನೊಗವನ್ನು ಕೈಯಿಂದ ಎತ್ತಿ ನೋಡುತ್ತಾನೆ. ಯಾಕೆ?

ಎರಡು ಚಕ್ರದ ಬಂಡಿ ಒಂದು ಸನ್ನೆಕೋಲು. ಅಚ್ಚು ಅದರ ಆಧಾರಬಿಂದು. ಬಂಡಿ ಮತ್ತು ಹೇರಿನ ಒಟ್ಟು ತೂಕ 800 ಕಿ.ಗ್ರಾಂ., ಅಚ್ಚಿನಿಂದ ನೊಗಕ್ಕೆ 3 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಗುರುತ್ವಕೇಂದ್ರ ಅಚ್ಚಿಗಿಂತ 10 ಸೆಂ.ಮೀ. ಮುಂದಿದ್ದರೆ ನೊಗದ ಮೇಲೆ ಬೀಳುವ ಭಾರ 800 × 10 ÷ 300, ಅಂದರೆ ಸುಮಾರು 27 ಕಿ.ಗ್ರಾಂ. ಎರಡು ಎತ್ತುಗಳು ಇದನ್ನು ಹಂಚಿಕೊಳ್ಳುತ್ತವೆ. ಹೇರನ್ನು ಮುಂದಕ್ಕೆ ತಳ್ಳಿ ಈ ಅಂತರ 30 ಸೆಂ.ಮೀ. ಆಯಿತೆನ್ನಿ, ಭಾರ 80 ಕಿ.ಗ್ರಾಂ.ಗೆ ಏರುತ್ತದೆ. ದಿನವಿಡೀ ನಡೆದರೆ ಹೆಗಲು ಉಜ್ಜಿ ಹುಣ್ಣಾಗುತ್ತದೆ. ಗುರುತ್ವಕೇಂದ್ರ ಅಚ್ಚಿನ ಹಿಂದಕ್ಕೆ ಸರಿದರೆ ಇನ್ನೊಂದು ಸಂಕಟ: ನೊಗ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ.

ಇಳಿಜಾರಿನಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಗುರುತ್ವಕೇಂದ್ರ ಅಚ್ಚಿಗಿಂತ 60 ಸೆಂ.ಮೀ. ಮೇಲಿದ್ದು, ರಸ್ತೆ ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುತ್ತಿದ್ದರೆ, ಅದು ಸುಮಾರು 6 ಸೆಂ.ಮೀ. ಮುಂದಕ್ಕೆ ಸರಿದಂತೆ. ಮೊದಲಿನ 27 ಕಿ.ಗ್ರಾಂ. ಈಗ 43. ಅದೇ ಏರನ್ನು ಹತ್ತುವಾಗ 11 ಮಾತ್ರ. ಆದ್ದರಿಂದ ಭಾರದ ಸಾಮಾನು ಕೆಳಗಿದ್ದಷ್ಟೂ ಈ ಏರಿಳಿತ ಕಡಿಮೆ. ಹಿಂದೆ ತುಂಬಿದ್ದ ಮೇವು ಜಾತ್ರೆಯಲ್ಲಿ ಖರ್ಚಾದರೆ, ಮರಳುವ ದಿನ ಬಂಡಿ ಮುಂದಕ್ಕೆ ಭಾರ. ಹೇರನ್ನು ಮತ್ತೆ ಹೊಂದಿಸಲೇಬೇಕು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಆರ್. ರಾಘವನ್ ಮತ್ತು ಸಂಗಡಿಗರು ಎತ್ತಿನ ಬಂಡಿಯ ಮೇಲಿನ ಬಲಗಳನ್ನು ವಿಶ್ಲೇಷಿಸಿ, ಅಳೆದು ಲೇಖನಗಳನ್ನು ಪ್ರಕಟಿಸಿದರು. ಇಷ್ಟು ಹಳೆಯ ವಾಹನವನ್ನು ಅಳೆಯಲು ನಾವು ಅಷ್ಟು ಕಾಲ ತೆಗೆದುಕೊಂಡೆವು!

ಇನ್ನು ಪಶ್ಚಿಮದ ಕಡೆ ನೋಡೋಣ. ಬ್ರಿಟನ್ನಿನಲ್ಲಿ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ವಿಹಾರಕ್ಕೆಂದೇ ‘ವಾಂಡರರ್’ ಎಂಬ ಗಾಲಿಮನೆಯನ್ನು ಮಾಡಿಸಿದ. ಎರಡು ಕುದುರೆ ಎಳೆಯುತ್ತಿದ್ದ ಅದಕ್ಕೆ ನಾಲ್ಕು ಚಕ್ರ. ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತಿತ್ತು. ಕಾರು ಬಂದ ಮೇಲೆ ಅದರ ಹಿಂದೆ ಒಂದೇ ಅಚ್ಚಿನ ಟ್ರೈಲರ್ ಕಟ್ಟುವ ಪದ್ಧತಿ ಬೆಳೆಯಿತು. ಆಗ ನಮ್ಮ ಬಂಡಿಯ ಸಮಸ್ಯೆ ಅಲ್ಲಿಗೂ ಬಂತು. ಅಮೆರಿಕದಲ್ಲಿ ಗ್ಲೈಡರ್ ವಿನ್ಯಾಸಕ ಹಾಲಿ ಬೌಲಸ್ 1934ರಲ್ಲಿ ವಿಮಾನದ ಮೈಯಂತೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಹಗುರ ಟ್ರೈಲರ್ ಕಟ್ಟಿದ. ಅದರ ಬಾಗಿಲು ಮುಂಭಾಗದಲ್ಲಿ, ಕಾರಿಗೆ ಜೋಡಿಸುವ ಕೊಕ್ಕೆಯ ಮೇಲೇ ಇತ್ತು! 1936ರಲ್ಲಿ ವಾಲಿ ಬಯಾಮ್ ಬಾಗಿಲನ್ನು ಪಕ್ಕಕ್ಕೆ ತಂದು ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ತಯಾರಿಸಿದ. ಹಳೆಯ ವಾಹನಗಳನ್ನು ಕೂಡಿಡುವವರಿಗೆ ಇಂದು ಇವೆರಡೂ ಅಮೂಲ್ಯ.

ತಗಡು ಹೊಸದಾದರೂ ತೂಗುವ ನಿಯಮ ಹಳೆಯದೇ. ಅಮೆರಿಕದಲ್ಲಿ ಸಾಮಾನ್ಯ ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲಿರಬೇಕೆಂದು ಸಲಹೆ ಕೊಡುತ್ತಾರೆ. ಹಿಂಭಾರವಾದ ಟ್ರೈಲರ್ ವೇಗ ಹೆಚ್ಚಿದಂತೆ ಬಾಲದಂತೆ ಎಡಬಲಕ್ಕೆ ತೂಗಾಡಿ ಕಾರನ್ನೂ ಉರುಳಿಸಬಲ್ಲದು. ಎತ್ತಿನ ನಡಿಗೆಯಲ್ಲಿ ಈ ಭಯವಿಲ್ಲ. ಅಲ್ಲಿ ನೋಯುವುದು ಕೊರಳು ಮಾತ್ರ. ಟ್ರೈಲರ್‌ನ ನೀರಿನ ತೊಟ್ಟಿಯನ್ನು ಅಚ್ಚಿನ ಹತ್ತಿರ, ಆದಷ್ಟು ಕೆಳಗೆ ಇಡುವುದು ಒಳ್ಳೆಯದೆನ್ನುತ್ತಾರೆ. ನೀರು ಖಾಲಿಯಾದರೂ ಕೊಕ್ಕೆಯ ಭಾರ ಆಗ ಹೆಚ್ಚು ಬದಲಾಗುವುದಿಲ್ಲ. ಮೇವಿನ ಲೆಕ್ಕವೇ ಅಲ್ಲವೇ ಇದು?

ಈಗ ಜಾತ್ರೆಗೆ ಬಹಳ ಜನ ತಾಡಪಾಲು ಹೊದಿಸಿದ ಟ್ರ್ಯಾಕ್ಟರ್ ಟ್ರೈಲರ್‌ನಲ್ಲೇ ಹೋಗುತ್ತಾರೆ. ಸರಕಿನ ಈ ವಾಹನದಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಇದರಲ್ಲಿ ಭೌತವಿಜ್ಞಾನದ ಕಾರಣವೂ ಇದೆ. ಎರಡು ಚಕ್ರದ ಟ್ರೈಲರ್‌ನಲ್ಲಿ ಎಲ್ಲರೂ ಹಿಂದಕ್ಕೆ ಸರಿದು ಕೂತರೆ ಕೊಕ್ಕೆ ಮೇಲಕ್ಕೆ ಎಳೆಯುತ್ತದೆ, ಟ್ರ್ಯಾಕ್ಟರ್‌ನ ಹಿಂಚಕ್ರಗಳ ಮೇಲಿನ ಒತ್ತು ತಗ್ಗಿ ಹಿಡಿತವೂ ತಗ್ಗುತ್ತದೆ. ಎತ್ತಾದರೆ ಕೊರಳು ಬಿಗಿದಾಗ ನಿಂತು ತಿಳಿಸುತ್ತದೆ. ಟ್ರ್ಯಾಕ್ಟರ್ ತಿಳಿಸುವುದು ಜಾರಿದ ಮೇಲೆ.