ಐನೂರು ಮೈಲಿ ದಾಟಲೊಲ್ಲದ ಪತ್ರ

ರಾರಾವಿಯಿಂದ ಒಬ್ಬ ವಿದ್ಯಾರ್ಥಿಯು ವಿದ್ಯಾರ್ಥಿವೇತನದ ಅರ್ಜಿಯನ್ನು ಇ-ಮೇಲ್ ಮೂಲಕ ಕಳುಹಿಸುತ್ತಾನೆಂದು ಭಾವಿಸೋಣ. ಬೆಂಗಳೂರು, ಚೆನ್ನೈ, ಮುಂಬಯಿಗಳಿಗೆ ಅದು ತಲುಪುತ್ತದೆ. ದೆಹಲಿಗೆ ಮಾತ್ರ ಹೋಗಲೊಲ್ಲದು. ಹಗರಿಯ ಸೇತುವೆ ದಾಟುವ ಬಸ್ಸಿಗೆ ದೂರದ ಲೆಕ್ಕವುಂಟು. ವಿದ್ಯುತ್ ಸಂಕೇತವಾಗಿ ಹರಿಯುವ ಪತ್ರಕ್ಕೆ ದೂರವೆಲ್ಲಿಯದು?

ಅಮೆರಿಕದ ಉತ್ತರ ಕೆರೊಲಿನಾದ ವಿಶ್ವವಿದ್ಯಾನಿಲಯವೊಂದರಲ್ಲಿ ಅಂಚೆಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಅವರೂ ಹೀಗೆಯೇ ಕೇಳಿದರು. ಐನೂರು ಮೈಲಿಯಾಚೆಗೆ ಪತ್ರ ಹೋಗುತ್ತಿಲ್ಲವೆಂದು ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ದೂರಿತ್ತಿದ್ದರು. 2002ರಲ್ಲಿ ಹ್ಯಾರಿಸ್ ಈ ಪ್ರಸಂಗವನ್ನು ಬರೆದಿಟ್ಟರು. ಯಂತ್ರದ ನವೀಕರಣದ ವೇಳೆ, ‘ಸೆಂಡ್‌ಮೇಲ್’ ಎಂಬ ಅಂಚೆ ತಂತ್ರಾಂಶದ 8ನೆಯ ಆವೃತ್ತಿಯಿದ್ದಲ್ಲಿ ಹಳೆಯ 5ನೆಯದು ಬಂದು ಕುಳಿತಿತ್ತು. ಸೂಚನೆಗಳ ಕಡತ ಮಾತ್ರ 8ನೆಯದಕ್ಕೆ ಬರೆದದ್ದು. ಅರ್ಥವಾಗದ ಸಾಲುಗಳನ್ನು ಹಳೆಯ ತಂತ್ರಾಂಶವು ಸದ್ದಿಲ್ಲದೆ ಬಿಟ್ಟುಬಿಟ್ಟಿತು. ಎದುರು ಯಂತ್ರದ ಉತ್ತರಕ್ಕಾಗಿ ಕಾಯುವ ಅವಧಿ ಸೊನ್ನೆಯಾಯಿತು. ಆ ಯಂತ್ರದಲ್ಲಿ ಸೊನ್ನೆಯೆಂದರೆ ವಾಸ್ತವವಾಗಿ 3 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಬೆಳಕು ಸಾಗುವುದು ಸುಮಾರು 900 ಕಿಲೋಮೀಟರು, ಅಂದರೆ 560 ಮೈಲಿ!

ಭೌತವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಆಕ್ಷೇಪವೆತ್ತಬೇಕು. ಉತ್ತರವು ಮರಳಿ ಬರಬೇಡವೆ? ಗಾಜಿನ ಎಳೆಯಲ್ಲಿ ಬೆಳಕಿನ ವೇಗವು ಶೂನ್ಯದಲ್ಲಿನ ವೇಗದ ಮೂರರಲ್ಲಿ ಎರಡು ಪಾಲು ಮಾತ್ರವಲ್ಲವೆ? ಹಾಗೆ ಎಣಿಸಿದರೆ ಮಿತಿಯು 300 ಕಿಲೋಮೀಟರಿನ ಸುಮಾರಿಗೆ ಇಳಿಯುವುದು. ಲೆಕ್ಕ ಸಡಿಲ, ಆದರೆ ರೋಗನಿದಾನ ಸರಿಯಾದುದೇ. ಕಡತದಲ್ಲಿ ಬರೆದಿರುವುದು ಬೇರೆ, ತಂತ್ರಾಂಶವು ಗ್ರಹಿಸಿರುವುದು ಬೇರೆ.

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ‘ಪೋಸ್ಟ್‌ಫಿಕ್ಸ್’ ತಂತ್ರಾಂಶದಲ್ಲಿಯೂ ಈ ಅಂತರವು ಹಲವು ವೇಷಗಳಲ್ಲಿ ತೋರುವುದು. ಓಡುತ್ತಿರುವ ತಂತ್ರಾಂಶವು ‘ಮೇನ್.ಸಿಎಫ್’ ಕಡತವನ್ನು ಕ್ಷಣಕ್ಷಣಕ್ಕೂ ಓದುವುದಿಲ್ಲ. ತಿದ್ದಿದ ಮೇಲೆ ‘ರಿಲೋಡ್’ ಆಜ್ಞೆ ಕೊಡಬೇಕು. ವಿಳಾಸಗಳ ಪಟ್ಟಿಯನ್ನು ‘ಪೋಸ್ಟ್‌ಮ್ಯಾಪ್’ ಆಜ್ಞೆಯಿಂದ ಬೇರೊಂದು ಕಡತಕ್ಕೆ ಪರಿವರ್ತಿಸಿದ್ದಲ್ಲಿ ಆ ಪರಿವರ್ತಿತ ಕಡತವೇ ಪ್ರಮಾಣ, ನಾವು ತಿದ್ದಿದ ಮೂಲವಲ್ಲ. ಒಂದೇ ಸೂಚನೆ ಎರಡು ಸಲ ಬಂದರೆ ಕೊನೆಯದೇ ನಿಲ್ಲುವುದು. ಸಾಲಿನ ಮೊದಲಲ್ಲಿ ಒಂದು ಖಾಲಿ ಸ್ಥಳ ಉಳಿದರೆ ಆ ಸಾಲು ಹಿಂದಿನ ಸಾಲಿನ ಬಾಲವಾಗಿಬಿಡುವುದು. ಕಣ್ಣಿಗೆ ಕಾಣದ ಈ ತಪ್ಪೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕುಟಿಲವಾದುದು. ‘ಮಾಸ್ಟರ್.ಸಿಎಫ್’ ಎಂಬ ಇನ್ನೊಂದು ಕಡತದ ಸೂಚನೆ ಇದನ್ನು ಮೀರುವುದೂ ಉಂಟು.

‘ಪೋಸ್ಟ್‌ಕಾನ್ಫ್’ ಆಜ್ಞೆಯು ಕಡತಕ್ಕೆ ತಂತ್ರಾಂಶದ ದೃಷ್ಟಿಯಲ್ಲಿ ಏನು ಅರ್ಥವೆಂಬುದನ್ನು ತೋರಿಸುವುದು. ಆದರೆ ಅದೂ ಕಡತವನ್ನೇ ಓದುವುದು, ಓಡುತ್ತಿರುವ ತಂತ್ರಾಂಶದ ಮನಸ್ಸನ್ನಲ್ಲ. ಸಂದೇಹ ಉಳಿದರೆ ಕಂಗೆಟ್ಟು ಇನ್ನೂ ನಾಲ್ಕು ಸಾಲು ತಿದ್ದಬಾರದು. ಮುಂದೆ ಎಂದಾದರೂ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅವೆಲ್ಲವೂ ಒಟ್ಟಿಗೆ ಜಾರಿಗೆ ಬಂದು ಪತ್ರಗಳೆಲ್ಲ ತಿರಸ್ಕೃತವಾದಾವು. ಬದಲಿಗೆ, ಸರ್ವರ್ ಮೊದಲು ನುಡಿಯುವ ಸ್ವಾಗತವಾಕ್ಯದಲ್ಲಿ ಒಂದು ಪದವನ್ನು ಮಾತ್ರ ಬದಲಿಸಿ, ‘ರಿಲೋಡ್’ ಮಾಡಿ, 25ನೆಯ ಪೋರ್ಟಿಗೆ ಸಂಪರ್ಕಿಸಿ ನೋಡಿ. ಹಳೆಯ ಪದವೇ ಕೇಳಿಬಂದರೆ, ನೀವು ಇಷ್ಟು ಹೊತ್ತು ತಿದ್ದುತ್ತಿದ್ದುದು ಬಹುಶಃ ಬೇರಾವುದೋ ಕಡತವನ್ನು, ಇಲ್ಲವೆ ಬೇರಾವುದೋ ಯಂತ್ರವನ್ನು.