ನೇತ್ರಾಣಿಗೆ ಹೊರಟವರಿಗೆ

ಇಡಗುಂಜಿ ಗಣಪತಿಗೆ ಕೈಮುಗಿದು, ಪಂಚಕಜ್ಜಾಯ ಬಾಯಿಗೆ ಹಾಕಿಕೊಳ್ಳುತ್ತಲೇ ಬೆಂಗಳೂರಿನ ಅಳಿಯಂದಿರು ಕೇಳುತ್ತಾರೆ: "ಮಾವಾ, ನೇತ್ರಾಣಿಗೆ ಹೋಪ್ದು ಹ್ಯಾಂಗೆ?"

ಮುರ್ಡೇಶ್ವರಕ್ಕೆ ಹೋಗಿ ದೋಣಿ ಹತ್ತಬೇಕು. ಅಲ್ಲಿಂದ ದ್ವೀಪಕ್ಕೆ ಸುಮಾರು 19 ಕಿ.ಮೀ. ಕಡಲು. ಹೊಟ್ಟೆ ಬಿರಿಯ ತಿಂದು ಹತ್ತಿದಿರೋ, ಅರ್ಧ ದಾರಿಯಲ್ಲೇ ಮೀನುಗಳಿಗೆ ಸಮಾರಾಧನೆ! ಮಳೆಗಾಲದಲ್ಲಂತೂ ಆ ಮಾತೇ ಇಲ್ಲ. ದ್ವೀಪದ ಬಳಿ ಹವಳ, ಮೀನು ನೋಡಲು ಮುಳುಗುವವರ ಬೆನ್ನಿಗೆ ಸಿಲಿಂಡರ್ ಕಟ್ಟುತ್ತಾರೆ. ಎಲ್ಲರೂ ಅದನ್ನು ಆಕ್ಸಿಜನ್ ಅನ್ನುತ್ತಾರೆ. ಸಾಮಾನ್ಯವಾಗಿ ಒಳಗಿರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದಕ್ಕಿಂತ ಇಮ್ಮಡಿ. ಕಿವಿ ನೋಯುತ್ತದೆ, ಮೂಗು ಹಿಡಿದು ಮೆಲ್ಲಗೆ ಊದುತ್ತಾ ಇಳಿಯಬೇಕು. ಶರಾವತಿ ಹೊನ್ನಾವರದಲ್ಲಿ ತಂದು ಸುರಿಯುವ ಕೆಸರು ಅಷ್ಟು ದೂರ ಮುಟ್ಟದ್ದರಿಂದ ನೀರು ತಿಳಿ. ಹವಳದ ನಡುವೆ ಬಣ್ಣದ ಮೀನುಗಳು ಚೆನ್ನಾಗಿ ಕಾಣುತ್ತವೆ.

ಮೀನುಗಾರರಿಗೆ ಮಾತ್ರ ಅದು ಪಿಕ್ನಿಕ್ ತಾಣವಲ್ಲ, ಜಟಗ ದೇವರ ಜಾಗ. ಹರಕೆ ತೀರಿಸಲು ಹೋಗುತ್ತಾರೆ. ಅದೇ ಬಂಡೆಗೆ ನೌಕಾಪಡೆ ಗುಂಡಿನ ಗುರಿ ಇಟ್ಟು ಅಭ್ಯಾಸ ಮಾಡಿದ್ದು ನನಗೆ ಇವತ್ತಿಗೂ ಸರಿಕಾಣದು.

ಜ್ವಾಲಾಮುಖಿಯ ದ್ವೀಪವೇ ಬೇಕೆಂದರೆ ತೆಂಕಣಕ್ಕೆ, ಮಲ್ಪೆಗೆ ಹೋಗಿ. ಅಲ್ಲಿನ ಸೇಂಟ್ ಮೇರೀಸ್‌ನ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತ ಮಡಗಾಸ್ಕರ್‌ನಿಂದ ಬೇರ್ಪಡುವ ಕಾಲದಲ್ಲಿ, ಉಕ್ಕಿದ ಲಾವಾ ಆರುತ್ತಾ ಬಿರಿದು ಆದವು.

ಸಂಜೆಗೆ ತಿರುಗಿ ಬಂದರೆ, ಗುಣವಂತೆಯಲ್ಲಿ ಯಕ್ಷಗಾನ ಆಟ ಉಂಟೋ ವಿಚಾರಿಸಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳಕ್ಕೆ ನಮ್ಮ ಗಣಪತಿಯದೇ ಹೆಸರು.