ಸೂಜಿಗೆ ಅಳುಕದ ಮನಸ್ಸು

ಪುಣೆ–ಮಚಲೀಪಟ್ಟಣ ಹೆದ್ದಾರಿ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಮೂಲಕ ಹಾದುಹೋಗುತ್ತದೆ. ಅಪಘಾತವಾದರೆ ಗಾಯಾಳುಗಳನ್ನು ಈ ಊರುಗಳ ಆಸ್ಪತ್ರೆಗಳಿಗೆ ತರುವುದುಂಟು. ರಕ್ತ ಕಂಡು ಬಂಧುಗಳು ತತ್ತರಿಸುತ್ತಿದ್ದರೆ ನರ್ಸ್ ಕೈ ನಡುಗದೆ ಸೂಜಿ ಚುಚ್ಚುತ್ತಾರೆ. ಇವರಿಗೆ ಕರುಳೇ ಇಲ್ಲವೇ?

2007ರಲ್ಲಿ ಯಾವೆಯ್ ಚೆಂಗ್, ಜೀನ್ ಡಿಸೆಟಿ ಮತ್ತು ಸಂಗಡಿಗರು ಸೂಜಿಚಿಕಿತ್ಸೆಯ ವೈದ್ಯರಿಗೂ ಇತರರಿಗೂ ದೇಹಕ್ಕೆ ಸೂಜಿ ಚುಚ್ಚುವ ದೃಶ್ಯ ತೋರಿಸಿ, ಮಿದುಳಿನ ಚಟುವಟಿಕೆಯನ್ನು ಅಳೆದರು. ತಮಗೇ ನೋವಾದಾಗ ಚುರುಕಾಗುವ ಕೆಲವು ಭಾಗಗಳು ಇತರರಲ್ಲಿ ಚುರುಕಾದವು. ವೈದ್ಯರಲ್ಲಿ ಹಾಗಾಗಲಿಲ್ಲ; ಬದಲಿಗೆ ಭಾವನೆಗಳನ್ನು ಹತೋಟಿಯಲ್ಲಿಡಲು ನೆರವಾಗುವ, ಹಣೆಯ ಹಿಂದಿನ ಭಾಗಗಳು ಕೆಲಸಕ್ಕಿಳಿದವು. ಅಂದರೆ ಇದು ಕಲ್ಲುಹೃದಯವಲ್ಲ, ಹತೋಟಿ. (ಗಟ್ಟಿ ಮನಸ್ಸಿನವರೇ ಈ ವೃತ್ತಿಗೆ ಬರುತ್ತಾರೋ, ವೃತ್ತಿಯೇ ಗಟ್ಟಿ ಮಾಡುತ್ತದೋ ಎಂಬುದನ್ನು ಇಂತಹ ಒಂದೇ ಹೋಲಿಕೆ ತೀರ್ಮಾನಿಸಲಾರದು.)

ಹತೋಟಿಗೂ ಒಂದು ಎಲ್ಲೆಯುಂಟು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ ವೃತ್ತಿಬಳಲಿಕೆಗೆ ಮೂರು ಮುಖಗಳಿವೆ: ಭಾವನೆಗಳು ಬತ್ತುವುದು, ರೋಗಿಯನ್ನು ವಸ್ತುವಿನಂತೆ ಕಾಣುವುದು, ತನ್ನ ಕೆಲಸ ವ್ಯರ್ಥವೆನಿಸುವುದು. ಎರಡನೆಯದು ಮಾತಿನಲ್ಲೇ ಗೊತ್ತಾಗುತ್ತದೆ. ರೋಗಿಯ ಹೆಸರು ಹೋಗಿ ‘ಐದನೇ ಮಂಚ’ ಉಳಿಯುತ್ತದೆ. ಈ ಗಡಿಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬೇಕು. ಬಳಲಿದವರಿಗೆ ರೋಗಿಯ ನುಡಿಯಲ್ಲಿ ಇನ್ನೊಮ್ಮೆ ವಿವರಿಸುವುದೂ ಭಾರವೇ.

ಇದನ್ನು ಸ್ವಭಾವದ ದೋಷವೆಂದು ಬೈಯುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯಾದರೋ 2019ರಲ್ಲಿ ಇದನ್ನು ರೋಗವೆನ್ನದೆ, ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಆದ್ದರಿಂದ ನರ್ಸ್ ಸಿಡುಕಿದರೆ, ಅವರು ಎಷ್ಟು ಹೊತ್ತಿನಿಂದ ನಿಂತಿದ್ದಾರೆ, ಪಾಳಿ ಬದಲಿಸಲು ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಬೇಕು.